ಧಾರವಾಡದ ವ್ಯಾನು ಹತ್ತುವ ಮೊದಲು

ಧಾರವಾಡ ತಾಲ್ಲೂಕಿನ ಗರಗದಲ್ಲಿ ನೇಯ್ದ ಖಾದಿ ರಾಷ್ಟ್ರಧ್ವಜವಾಗುತ್ತದೆ. 1954ರಲ್ಲಿ ಶುರುವಾದ ಇಲ್ಲಿನ ಕ್ಷೇತ್ರೀಯ ಸೇವಾ ಸಂಘ ದೇಶಕ್ಕೆಲ್ಲ ಗೊತ್ತಾದದ್ದು ಈ ಬಟ್ಟೆಯಿಂದ. ಧ್ವಜದ ಬಟ್ಟೆಗೆ ಭಾರತೀಯ ಮಾನಕ ಸಂಸ್ಥೆ ಗೊತ್ತುಮಾಡಿದ ಅಳತೆಗಳಿವೆ. ಹಾಸು ಹೊಕ್ಕಿನ ಎಳೆ ಎಷ್ಟು, ತೂಕ ಎಷ್ಟು, ಜಗ್ಗಿದರೆ ಎಷ್ಟು ತಡೆಯುತ್ತದೆ, ಬಣ್ಣ ಬಿಸಿಲಿಗೆ ಉಳಿಯುತ್ತದೆಯೇ ಎಂದೆಲ್ಲ ಪರೀಕ್ಷೆಯಾಗಬೇಕು. ಧ್ವಜದ ಮಾತು ಬಿಡಿ, ಸಾದಾ ಬಟ್ಟೆಯನ್ನು ಖಾದಿ ಎಂದು ಹೇಳಿ ಮಾರುವುದಕ್ಕೂ 2013ರ ನಿಯಮಗಳ ಪ್ರಕಾರ ಖಾದಿ ಮಾರ್ಕ್ ಬೇಕು.

ಇದೇ ಊರಿನ ತಂದೆತಾಯಿ ಮೂರು ವರ್ಷದ ಮಗುವಿಗೆ ಸಾಲಿ ಹುಡುಕಲು ಹೊರಟಾಗ ‘ಮಾಂಟೆಸ್ಸರಿ’ ಎಂಬ ಹೆಸರು ಎದುರಾಗುತ್ತದೆ. ಆ ಹೆಸರಿಗೆ ಇಂಥ ಯಾವ ಮಾರ್ಕೂ ಇಲ್ಲ. ಬಾಡಿಗೆ ಮನೆಯ ಗೋಡೆಗೆ ಮಿಕ್ಕಿ ಮೌಸ್ ಬರೆಸಿ, ಮೇಲೆ ಮಾಂಟೆಸ್ಸರಿ ಎಂದು ಬೋರ್ಡು ಹಾಕಿದರೆ ಕೇಳುವವರಿಲ್ಲ. ಇದು ನಮ್ಮ ದೇಶದ ದೌರ್ಬಲ್ಯ ಮಾತ್ರವಲ್ಲ. ಅಮೆರಿಕದಲ್ಲಿ ಈ ಹೆಸರಿನ ಒಡೆತನಕ್ಕಾಗಿ ಎರಡು ಸಂಸ್ಥೆಗಳು ವ್ಯಾಜ್ಯವಾಡಿದಾಗ, ಅದು ಒಬ್ಬರ ಸೊತ್ತಲ್ಲ, ಒಂದು ಪದ್ಧತಿಯ ಸಾಮಾನ್ಯ ಹೆಸರು ಎಂದು 1967ರಲ್ಲೇ ತೀರ್ಮಾನವಾಯಿತು. ಒಡೆಯರಿಲ್ಲದ ಹೆಸರನ್ನು ಯಾರು ಬೇಕಾದರೂ ಹಚ್ಚಿಕೊಳ್ಳಬಹುದು, ಹಚ್ಚಿಕೊಂಡಿದ್ದಾರೆ.

ಹಾಗಾದರೆ ಗರಗದಂಥ ಊರಿನ ತಂದೆತಾಯಿ ಏನನ್ನು ನೋಡಿ ಆರಿಸಬೇಕು? ನನ್ನ ವಾದ ಇಷ್ಟು. ಮಾಂಟೆಸ್ಸರಿ ಪದ್ಧತಿಯಲ್ಲಿ ನಿಜವಾಗಿ ತಿರುಳಾದದ್ದು ಏನೆಂದು ಒಂದೊಂದಾಗಿ ಬಿಡಿಸಿ ನೋಡಿದರೆ, ಅದರ ಅರ್ಧದಷ್ಟು ಊರಿನ ಅಂಗನವಾಡಿಯಲ್ಲಿ ಆಗಲೇ ಇದೆ. ಬೋರ್ಡು ಹಾಕಿಕೊಂಡ ಎಷ್ಟೋ ಕಡೆ ಆ ಅರ್ಧವೂ ಇಲ್ಲ. ಆದ್ದರಿಂದ ಹದಿನೈದು ಕಿಲೋಮೀಟರಿಗೂ ದೂರದ ಧಾರವಾಡಕ್ಕೆ ಮಗುವನ್ನು ವ್ಯಾನು ಹತ್ತಿಸುವ ಮೊದಲು ಹೆಸರನ್ನು ಬದಿಗಿಟ್ಟು ಕೋಣೆಯನ್ನು ನೋಡಬೇಕು. ಆ ಮೇಲೆ, ಊರ ಕೋಣೆಯಲ್ಲಿ ಇಲ್ಲದ ಇನ್ನರ್ಧವನ್ನು ಊರೇ ಕೇಳಿ ಪಡೆಯಬೇಕು.

ಮೊದಲು ಆ ಪದ್ಧತಿ ಹುಟ್ಟಿದ ಜಾಗವನ್ನು ನೋಡೋಣ. ಮರಿಯಾ ಮಾಂಟೆಸ್ಸರಿ ಇಟಲಿಯ ವೈದ್ಯೆ. 1907ರ ಜನವರಿ 6ರಂದು ರೋಮ್ ನಗರದ ಸ್ಯಾನ್ ಲೊರೆಂಝೊ ಎಂಬ ಬಡವರ ಬಡಾವಣೆಯಲ್ಲಿ ಅವರ ಮೊದಲ ‘ಮಕ್ಕಳ ಮನೆ’ ತೆರೆಯಿತು. ಕೂಲಿಕಾರರ ಮಕ್ಕಳು ಹಗಲೆಲ್ಲ ಒಂಟಿಯಾಗಿ ಕಟ್ಟಡದ ಗೋಡೆ ಮೆಟ್ಟಿಲು ಹಾಳುಮಾಡುತ್ತಿದ್ದರು ಎಂಬುದು ಕಟ್ಟಡದ ಮಾಲೀಕರ ತಕರಾರು. ಆ ಮಕ್ಕಳನ್ನು ಒಂದು ಕಡೆ ಕೂಡಿಸಿಡಲು ಅದೇ ಕಟ್ಟಡದಲ್ಲಿ ಒಂದು ಕೋಣೆ ಕೊಟ್ಟರು. ಸುಮಾರು ಐವತ್ತು ಮಕ್ಕಳು, ಎಲ್ಲರೂ ಮೂರರಿಂದ ಆರು ವರ್ಷದ ಆಸುಪಾಸಿನವರು, ಎಲ್ಲರೂ ಒಂದೇ ಕೋಣೆಯಲ್ಲಿ. ನೋಡಿಕೊಳ್ಳಲು ನೇಮಿಸಿದ್ದು ತರಬೇತಾದ ಶಿಕ್ಷಕಿಯನ್ನಲ್ಲ, ಆ ಕಟ್ಟಡವನ್ನು ಕಾಯುವವನ ಮಗಳನ್ನು. ತಾಯಂದಿರು ಬೇಕೆಂದಾಗ ಬಂದು ಇಣುಕಬಹುದಿತ್ತು. ಇಂದು ವರ್ಷಕ್ಕೆ ಲಕ್ಷದ ಮಾತಾಡುವ ಪದ್ಧತಿಯ ಜನ್ಮಪತ್ರಿಕೆ ಇದು. ಬಡವರ ಓಣಿ, ಮನೆಯ ಹತ್ತಿರದ ಕೋಣೆ, ಓಣಿಯವಳೇ ಆದ ಒಬ್ಬ ಹೆಣ್ಣುಮಗಳು, ಬೆರೆತ ವಯಸ್ಸಿನ ಮಕ್ಕಳು.

ಇಷ್ಟನ್ನು ಓದಿದವರಿಗೆ ಅಂಗನವಾಡಿ ನೆನಪಾಗದೆ ಇರದು. ಆ ನೆನಪಿಗೆ ಚರಿತ್ರೆಯ ಆಧಾರವೂ ಇದೆ. 1920ರಲ್ಲಿ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಬಾಲಮಂದಿರ ತೆರೆದು ಮಾಂಟೆಸ್ಸರಿ ಪದ್ಧತಿಯನ್ನು ಈ ನೆಲಕ್ಕೆ ಒಗ್ಗಿಸಲು ತೊಡಗಿದರು. ಅವರ ಜೊತೆ ಕೆಲಸ ಮಾಡಿದ ತಾರಾಬಾಯಿ ಮೋಡಕ್ 1945ರಲ್ಲಿ ಮಹಾರಾಷ್ಟ್ರದ ಬೋರ್ಡಿಯಲ್ಲಿ ಹಳ್ಳಿಯ ಮಕ್ಕಳಿಗಾಗಿ ಕೇಂದ್ರ ತೆರೆದರು. ಆಮದಾದ ಸಾಮಗ್ರಿ ಹಳ್ಳಿಗೆ ಎಟುಕದು ಎಂದು ಕಂಡುಕೊಂಡು ಎಲೆ, ಬೀಜ, ಕಲ್ಲು, ಮಣ್ಣಿನಿಂದ ಸಾಮಗ್ರಿ ಮಾಡಿದರು. ಮಕ್ಕಳು ಬಾಲವಾಡಿಗೆ ಬರದಿದ್ದಾಗ ಅವರೂ ಅವರ ಶಿಷ್ಯೆ ಅನುತಾಯಿ ವಾಘ್ ಅವರೂ ಬಾಲವಾಡಿಯನ್ನೇ ಮಕ್ಕಳಿದ್ದ ಅಂಗಳಕ್ಕೆ ಒಯ್ದರು. 1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ ಸಮಗ್ರ ಶಿಶು ಅಭಿವೃದ್ಧಿ ಯೋಜನೆ (ಐಸಿಡಿಎಸ್) ಶುರುಮಾಡಿ, ನಮ್ಮ ರಾಜ್ಯದಲ್ಲಿ ತಿರುಮಕೂಡಲು ನರಸೀಪುರದಿಂದ ಅಂಗನವಾಡಿಗಳು ಆರಂಭವಾಗುವ ಮೊದಲೇ ಆ ದಾರಿ ಸವೆದಿತ್ತು. ಹೀಗಾಗಿ ಮಾಂಟೆಸ್ಸರಿ ಮತ್ತು ಅಂಗನವಾಡಿ ಎರಡು ಜಾತಿಯವಲ್ಲ. ಒಂದೇ ಮನೆತನದ ಎರಡು ಕವಲುಗಳು. ಒಂದು ಕವಲು ಶ್ರೀಮಂತವಾಯಿತು, ಇನ್ನೊಂದು ಸರ್ಕಾರದ ರಿಜಿಸ್ಟರಿನೊಳಗೆ ಸಿಕ್ಕಿಕೊಂಡಿತು.

ಈಗ ಪದ್ಧತಿಯ ತಿರುಳಿಗೆ ಬರೋಣ. ಮೊದಲನೆಯದು ವಯಸ್ಸು. ಮಾಂಟೆಸ್ಸರಿ ಕೋಣೆಯಲ್ಲಿ ಮೂರರಿಂದ ಆರರವರೆಗಿನ ಮಕ್ಕಳು ಒಟ್ಟಿಗಿರುತ್ತಾರೆ. ಸಣ್ಣದು ದೊಡ್ಡದನ್ನು ನೋಡಿ ಕಲಿಯುತ್ತದೆ, ದೊಡ್ಡದು ಸಣ್ಣದಕ್ಕೆ ಹೇಳಿಕೊಡುತ್ತ ತಾನು ಕಲಿತದ್ದನ್ನು ಗಟ್ಟಿಮಾಡಿಕೊಳ್ಳುತ್ತದೆ. ನರ್ಸರಿ, ಎಲ್‌ಕೆಜಿ, ಯುಕೆಜಿ ಎಂದು ವರ್ಷಕ್ಕೊಂದು ಕೋಣೆ ಮಾಡಿದ ಜಾಗದಲ್ಲಿ ಇದು ಆಗುವುದಿಲ್ಲ. ಅಲ್ಲಿ ಮಾಂಟೆಸ್ಸರಿ ಬೋರ್ಡು ಇದ್ದರೂ ಪದ್ಧತಿ ಬಾಗಿಲಲ್ಲೇ ಮುಗಿದಿದೆ. ‘ಎಲ್ಲಾ ಹುಡುಗರನ್ನೂ ಒಂದರಾಗ ಕೂಡಸ್ತಾರ್ರಿ, ಏನ್ ಕಲೀತಾವು?’ ಎಂದು ಅಂಗನವಾಡಿಯನ್ನು ನಮ್ಮ ಕಡೆಯವರು ಹಳಿಯುತ್ತಾರಲ್ಲ, ಆ ‘ಒಂದರಾಗ ಕೂಡಸೂದೇ’ ಮಾಂಟೆಸ್ಸರಿ ಬಿಟ್ಟುಕೊಡಲು ಒಪ್ಪದಿದ್ದ ಅಂಶ. ಕರ್ನಾಟಕಕ್ಕೆ ಇದು ಹೊಸದೂ ಅಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹರಡಿದ ನಲಿ-ಕಲಿಯಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ತಮ್ಮ ತಮ್ಮ ವೇಗಕ್ಕೆ ತಕ್ಕಂತೆ ಕಾರ್ಡು ಹಿಡಿದು ಕಲಿಯುತ್ತಾರೆ.

ಸರ್ಕಾರವೇ ಇದನ್ನು ಮರೆತಂತಿದೆ. 2024ರ ಜುಲೈನಲ್ಲಿ ಬೆಂಗಳೂರಿನ 250 ಅಂಗನವಾಡಿಗಳನ್ನು ‘ಸರ್ಕಾರಿ ಮಾಂಟೆಸ್ಸರಿ’ಗಳನ್ನಾಗಿ ಮಾಡಿ ಎಲ್‌ಕೆಜಿ, ಯುಕೆಜಿ ತೆರೆಯಲಾಯಿತು. ಅಂಗನವಾಡಿಗೆ ಗೌರವ ತರುವ ಉದ್ದೇಶ ಒಳ್ಳೆಯದೇ. ಆದರೆ ಮಾಂಟೆಸ್ಸರಿ ಎಂಬ ಹೆಸರಿನ ಹಿಂದೆಯೇ, ಮಾಂಟೆಸ್ಸರಿ ಬೇಡವೆಂದ ವಯಸ್ಸಿನ ವಿಂಗಡಣೆಯೂ ಒಳಗೆ ಬಂತು. ಖಾಸಗಿ ಸಾಲಿಯ ಬೋರ್ಡನ್ನು ನೋಡಿ ಸರ್ಕಾರ ನಕಲು ಮಾಡಿದರೆ ಆಗುವುದು ಹೀಗೆಯೇ.

ಎರಡನೆಯದು ಕೈ. ಈ ಪದ್ಧತಿಯಲ್ಲಿ ಮಗುವಿನ ಬುದ್ಧಿಗೆ ಹೋಗುವ ದಾರಿ ಕೈಯಿಂದ ಶುರುವಾಗುತ್ತದೆ. ತಂಬಿಗೆಯಿಂದ ವಾಟೆಗೆ ಚೆಲ್ಲದಂತೆ ನೀರು ಹಾಕುವುದು, ಗುಂಡಿ ಹಾಕಿ ಬಿಚ್ಚುವುದು, ಕಸ ಗುಡಿಸುವುದು, ಕಾಳು ಆರಿಸುವುದು ಪಾಠದ ನಡುವಿನ ಬಿಡುವಲ್ಲ, ಅದೇ ಪಾಠ. ಅದರ ಮೇಲೆ ಇಂದ್ರಿಯಗಳನ್ನು ಹದಗೊಳಿಸುವ ಸಾಮಗ್ರಿ ಬರುತ್ತದೆ. ಪ್ರಸಿದ್ಧವಾದ ಗುಲಾಬಿ ಗೋಪುರದಲ್ಲಿ ಹತ್ತು ಘನಗಳು. ಚಿಕ್ಕದು ಒಂದು ಸೆಂಟಿಮೀಟರ್, ದೊಡ್ಡದು ಹತ್ತು. ಒಂದರ ಮೇಲೊಂದು ಪೇರಿಸುವಾಗ ತಪ್ಪಿದರೆ ಕಣ್ಣೇ ಹೇಳುತ್ತದೆ, ಟೀಚರು ಹೇಳಬೇಕಾಗಿಲ್ಲ. ಸಿಲಿಂಡರುಗಳ ಹಲಗೆಯಲ್ಲಿ ಒಂದು ತಪ್ಪು ಕುಳಿಗೆ ಹೋದರೆ ಕೊನೆಗೆ ಒಂದು ಹೊರಗುಳಿಯುತ್ತದೆ. ಮಗು ಮತ್ತೆ ಮೊದಲಿನಿಂದ ನೋಡುತ್ತದೆ. ತಪ್ಪನ್ನು ಬೈಗುಳವಿಲ್ಲದೆ ತಿಳಿಯುವುದು ಇಲ್ಲಿನ ನಿಜವಾದ ಪಾಠ.

ಇಂಥ ಸಾಮಗ್ರಿ ವಿದೇಶದಿಂದಲೋ ದುಬಾರಿ ಕಂಪನಿಯಿಂದಲೋ ಬರಬೇಕೆಂದೇನೂ ಇಲ್ಲ. ಬಣ್ಣದ ತೊಟ್ಟಿಲುಗಳಿಗೆ ಹೆಸರಾದ ಕಲಘಟಗಿ ಇದೇ ಜಿಲ್ಲೆಯಲ್ಲಿದೆ. ಅಲ್ಲಿನ ಮರಗೆಲಸದವರಿಗೆ ಅಳತೆಯ ನಕ್ಷೆ ಕೊಟ್ಟರೆ ಹತ್ತು ಘನ ಮಾಡುವುದು ದೊಡ್ಡ ಮಾತಲ್ಲ. ಅಳತೆ ಮಾತ್ರ ತಪ್ಪಬಾರದು. ಘನಗಳ ನಡುವಿನ ವ್ಯತ್ಯಾಸ ಹೆಚ್ಚುಕಮ್ಮಿಯಾದರೆ ಮಗುವಿನ ತಪ್ಪನ್ನು ಸಾಮಗ್ರಿ ತೋರಿಸಿಕೊಡಲಾರದು.

ಮೂರನೆಯದು ಅಕ್ಷರ. ತಂದೆತಾಯಿಯ ಆತಂಕ ಹೆಚ್ಚಾಗಿ ಕೂತಿರುವುದು ಇಲ್ಲಿ. ಮೂರೂವರೆ ವರ್ಷದ ಮಗು ಎ ಬಿ ಸಿ ಡಿ ಒಂದು ಪುಟ ಬರೆದು ತಂದರೆ ಫೀ ಕೊಟ್ಟದ್ದು ಸಾರ್ಥಕವೆನ್ನಿಸುತ್ತದೆ. ಮಾಂಟೆಸ್ಸರಿಯಲ್ಲಿ ಪೆನ್ಸಿಲು ಇಷ್ಟು ಬೇಗ ಬರುವುದಿಲ್ಲ. ಉಪ್ಪುಕಾಗದದಲ್ಲಿ ಕತ್ತರಿಸಿ ಹಲಗೆಗೆ ಅಂಟಿಸಿದ ಅಕ್ಷರದ ಮೇಲೆ ಮಗು ಎರಡು ಬೆರಳು ಆಡಿಸುತ್ತ ಅದರ ಧ್ವನಿಯನ್ನು ಹೇಳುತ್ತದೆ. ಕಣ್ಣು, ಕಿವಿ, ಬೆರಳು ಮೂರೂ ಒಟ್ಟಿಗೆ ಕಲಿಯುತ್ತವೆ. ಕೈ ಹದವಾದ ಮೇಲೆ ಬರವಣಿಗೆ ತಾನಾಗಿ ಬರುತ್ತದೆ.

ಈ ಕ್ರಮಕ್ಕೆ ಇಂಗ್ಲಿಷಿಗಿಂತ ಕನ್ನಡ ಚೆನ್ನಾಗಿ ಒದಗುತ್ತದೆ. ಇಂಗ್ಲಿಷಿನಲ್ಲಿ ಒಂದು ಅಕ್ಷರಕ್ಕೆ ಹಲವು ಧ್ವನಿ. ನಮ್ಮ 49 ಅಕ್ಷರಗಳಲ್ಲಿ ಬರೆದದ್ದಕ್ಕೂ ಹೇಳುವುದಕ್ಕೂ ಬಹುಮಟ್ಟಿಗೆ ಜಗಳವಿಲ್ಲ. ಮಗು ಮನೆಯಲ್ಲಿ ಆಡುವ ಮಾತನ್ನೇ ಬಿಡಿ ಅಕ್ಷರಗಳಿಂದ ಕಟ್ಟಬಹುದು. ತೊಡಕು ಕಾಗುಣಿತದ್ದು, ಒತ್ತಕ್ಷರದ್ದು. ರೋಮನ್ ಲಿಪಿಗಾಗಿ ಮಾಡಿದ ಬಿಡಿ ಅಕ್ಷರಗಳ ಪೆಟ್ಟಿಗೆಯನ್ನು ಹಾಗೆಯೇ ಅನುಕರಿಸಿದರೆ ಕೊಂಬು, ಗುಡಿಸು, ಏತ್ವಗಳು ಎಲ್ಲಿ ಕೂಡಬೇಕೋ ಅಲ್ಲಿ ಕೂಡವು. ಇದಕ್ಕೆ ಯೋಚಿಸಿ ಮಾಡಿದ ಕನ್ನಡದ ಪೆಟ್ಟಿಗೆ ಬೇಕು. ಅರ್ಧ ದಾರಿಯನ್ನು ನಲಿ-ಕಲಿಯವರು ನಡೆದಿದ್ದಾರೆ. ಅ ಆ ಇ ಈ ಕ್ರಮ ಬಿಟ್ಟು, ಬರೆಯಲು ಹತ್ತಿರವಿರುವ ರ ಗ ಸ ದ ಅ ಗುಂಪಿನಿಂದ ಶುರುಮಾಡುವುದನ್ನು ಊರಿನ ಕನ್ನಡ ಸಾಲಿಯ ಅಕ್ಕೋರು ಬಲ್ಲರು. ಮಾಂಟೆಸ್ಸರಿ ಎಂದು ಬೋರ್ಡು ಹಾಕಿದಲ್ಲಿ ಹೋಗಿ ‘ಕನ್ನಡದ ಉಪ್ಪುಕಾಗದದ ಅಕ್ಷರ ತೋರಿಸ್ರಿ’ ಎಂದು ಕೇಳಿ ನೋಡಿ. ತೋರಿಸಿದರೆ ಆ ಸಾಲಿ ಯೋಚನೆ ಮಾಡಿದೆ ಎಂದರ್ಥ.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ನಮ್ಮ ಬಹಳಷ್ಟು ತಂದೆತಾಯಿ ಹುಡುಕುತ್ತಿರುವುದು ಮಾಂಟೆಸ್ಸರಿಯನ್ನಲ್ಲ, ಇಂಗ್ಲಿಷನ್ನು. ಆ ಹಂಬಲವನ್ನು ಹೀಯಾಳಿಸುವ ಹಕ್ಕು ತಮ್ಮ ಮಕ್ಕಳನ್ನು ಇಂಗ್ಲಿಷಿನಲ್ಲಿ ಓದಿಸಿದ ಲೇಖಕರಿಗಂತೂ ಇಲ್ಲ. ಮಾಧ್ಯಮ ಆರಿಸುವ ಹಕ್ಕು ತಂದೆತಾಯಿಯದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2014ರ ಮೇ ತಿಂಗಳಲ್ಲಿ ಕರ್ನಾಟಕದ ಪ್ರಕರಣದಲ್ಲೇ ಹೇಳಿದೆ. ಆದರೆ ಹಕ್ಕು ಬಂದಾಗ ಹೊಣೆಯೂ ಬರುತ್ತದೆ. ಮೂರು ವರ್ಷದ ಮಗು ವಸ್ತುವನ್ನು ಕೈಯಲ್ಲಿ ಹಿಡಿದು ಅದರ ಹೆಸರನ್ನು ತನ್ನ ಮಾತಿನಲ್ಲಿ ಹೇಳಬೇಕಾದ ಹೊತ್ತಿನಲ್ಲಿ, ಟೀಚರಿಗೇ ಸಲೀಸಾಗಿ ಬಾರದ ಇಂಗ್ಲಿಷಿನಲ್ಲಿ ಕೋಣೆಯೆಲ್ಲ ಸುಮ್ಮನಾಗುವುದಾದರೆ ಕೈಯೂ ಸುಮ್ಮನಾಗುತ್ತದೆ. ಹಾಡು, ಆಟ, ಮಾತಿನ ಮೂಲಕ ಇಂಗ್ಲಿಷು ಬರಲಿ. ಮಗು ಪ್ರಶ್ನೆ ಕೇಳುವುದು, ಅಳುವುದು, ದೂರು ಹೇಳುವುದು ಮನೆಯ ಮಾತಿನಲ್ಲೇ ಆಗಲಿ. ಎರಡೂ ಒಂದೇ ಕೋಣೆಯಲ್ಲಿ ಸಾಧ್ಯ.

ನಾಲ್ಕನೆಯದು ಹೊತ್ತು. ಮಾಂಟೆಸ್ಸರಿ ಕೋಣೆಯಲ್ಲಿ ಸುಮಾರು ಮೂರು ತಾಸು ಗಂಟೆ ಹೊಡೆಯುವುದಿಲ್ಲ, ಪೀರಿಯಡ್ ಬದಲಾಗುವುದಿಲ್ಲ. ಮಗು ತಾನೇ ಆರಿಸಿದ ಕೆಲಸದಲ್ಲಿ ಬೇಕಾದಷ್ಟು ಹೊತ್ತು ಮುಳುಗಿರಬಹುದು. ಅರ್ಧರ್ಧ ತಾಸಿಗೆ ರೈಮ್ಸ್, ಡ್ರಾಯಿಂಗು, ನಂಬರ್ ಎಂದು ವೇಳಾಪಟ್ಟಿ ತೂಗುಹಾಕಿದಲ್ಲಿ ಗುಲಾಬಿ ಗೋಪುರ ಬೀರುವಿನಲ್ಲಿ ಅಲಂಕಾರಕ್ಕೆ ನಿಂತಿರುತ್ತದೆ, ಅಷ್ಟೇ.

ಹೆಸರಿಗೂ ನಡೆಗೂ ಇರುವ ಈ ಅಂತರ ಫಲವನ್ನೂ ಬದಲಿಸುತ್ತದೆ. ಅಮೆರಿಕದ ಸಂಶೋಧಕಿ ಆಂಜಲಿನ್ ಲಿಲ್ಲಾರ್ಡ್ 2012ರಲ್ಲಿ ಮೂರು ಬಗೆಯ ಸಾಲಿಗಳನ್ನು ಹೋಲಿಸಿದರು: ಪದ್ಧತಿಯನ್ನು ಕಟ್ಟುನಿಟ್ಟಾಗಿ ನಡೆಸುವವು, ಅದಕ್ಕೆ ವರ್ಕ್‌ಶೀಟು ಮುಂತಾದವನ್ನು ಬೆರೆಸಿದವು, ಸಾಮಾನ್ಯವಾದವು. ವರ್ಷದ ಕೊನೆಗೆ ಹೆಚ್ಚು ಮುಂದೆ ಬಂದವರು ಮೊದಲ ಬಗೆಯ ಮಕ್ಕಳು. ಅವರದೇ ತಂಡ 2025ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ದೊಡ್ಡದು. ಸಾರ್ವಜನಿಕ ಹಣದಲ್ಲಿ ನಡೆಯುವ 24 ಮಾಂಟೆಸ್ಸರಿ ಸಾಲಿಗಳಿಗೆ ಚೀಟಿ ಎತ್ತಿ ಪ್ರವೇಶ ಕೊಟ್ಟಾಗ ಸೀಟು ಸಿಕ್ಕವರನ್ನೂ ಸಿಗದವರನ್ನೂ, ಒಟ್ಟು 588 ಮಕ್ಕಳನ್ನು ಹೋಲಿಸಿದರು. ಸೀಟು ಸಿಕ್ಕವರು ಓದು, ನೆನಪು, ತಮ್ಮನ್ನು ತಾವು ಹಿಡಿತದಲ್ಲಿಟ್ಟುಕೊಳ್ಳುವುದು ಇವುಗಳಲ್ಲಿ ಮುಂದಿದ್ದರು. ನಮಗೆ ಹೆಚ್ಚು ಬೇಕಾದದ್ದು ಇನ್ನೊಂದು ಸಂಗತಿ: ಒಂದು ಮಗುವಿಗೆ ಆದ ಖರ್ಚು ಸಾಮಾನ್ಯ ಸಾಲಿಗಿಂತ ಕಡಿಮೆ. ವಯಸ್ಸು ಬೆರೆತ ಕೋಣೆಯಲ್ಲಿ ಮಕ್ಕಳೇ ಮಕ್ಕಳಿಗೆ ಕಲಿಸುವುದರಿಂದ ಒಬ್ಬ ಶಿಕ್ಷಕಿ ಹೆಚ್ಚು ಮಕ್ಕಳನ್ನು ನೋಡಿಕೊಳ್ಳಬಲ್ಲಳು. ಒಬ್ಬ ತರಬೇತಾದ ಶಿಕ್ಷಕಿ, ಒಬ್ಬ ಸಹಾಯಕಿ, ಇಪ್ಪತ್ತೈದು ಮೂವತ್ತು ಮಕ್ಕಳು. ನಮ್ಮ ಅಂಗನವಾಡಿಯ ವಿನ್ಯಾಸವೂ ಇದೇ ಅಲ್ಲವೇ?

ಹಾಗೆಂದು ಮಾಂಟೆಸ್ಸರಿಯನ್ನು ಇಡಿಯಾಗಿ ನುಂಗಬೇಕಿಲ್ಲ. ಎಳೆಯ ಮಕ್ಕಳಿಗೆ ಕಟ್ಟುಕತೆಗಿಂತ ಕಣ್ಣೆದುರಿನ ನಿಜವೇ ಬೇಕು ಎಂಬ ಅವರ ನಿಲುವನ್ನು ನಾನು ಒಪ್ಪಲಾರೆ. ಅಜ್ಜಿಯ ಕತೆಯಲ್ಲಿ ನರಿ ಮಾತಾಡಿದರೆ ಗರಗದ ಮಗುವಿಗೆ ನಿಜ ಮತ್ತು ಸುಳ್ಳು ಕಲಸಿಹೋಗುವುದಿಲ್ಲ, ಮಾತು ಬೆಳೆಯುತ್ತದೆ. 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೂ ಕತೆ, ಹಾಡು, ಆಟಗಳಿಗೆ ದೊಡ್ಡ ಜಾಗ ಕೊಟ್ಟಿದೆ. ನಮ್ಮ ಅಂಗನವಾಡಿಗಳ ‘ಚಿಲಿಪಿಲಿ’ ಪಠ್ಯಕ್ರಮದಲ್ಲಿಯೂ ಅವು ಇವೆ.

ಇನ್ನು ಅಂಗನವಾಡಿಯ ಬಗ್ಗೆ ಎದ್ದುನಿಲ್ಲುವ ಆಕ್ಷೇಪ. ‘ಅಲ್ಲಿ ಉಪ್ಪಿಟ್ಟು ತಿನ್ನಿಸಿ ಮಲಗಿಸ್ತಾರ’ ಎಂಬ ದೂರು ಸುಳ್ಳೇನಲ್ಲ. ಕಾರ್ಯಕರ್ತೆಯ ಹೆಗಲ ಮೇಲೆ ಪೌಷ್ಟಿಕ ಆಹಾರ, ಗರ್ಭಿಣಿ ಬಾಣಂತಿಯರ ಲೆಕ್ಕ, ತೂಕದ ಪಟ್ಟಿ, ಪೋಷಣ್ ಟ್ರ್ಯಾಕರ್ ಆ್ಯಪು, ಸಮೀಕ್ಷೆ, ಮತದಾರರ ಪಟ್ಟಿ ಎಲ್ಲವೂ ಕೂತಿವೆ. ಮಕ್ಕಳ ಜೊತೆ ಕೂರಲು ಮಿಗುವ ಹೊತ್ತು ಕಡಿಮೆ, ಗೌರವಧನ ಇನ್ನೂ ಕಡಿಮೆ. 2023ರಲ್ಲಿ ಕೇಂದ್ರ ಸರ್ಕಾರ ತಂದ ‘ಪೋಷಣ್ ಭೀ ಪಢಾಯಿ ಭೀ’ ದಿನಕ್ಕೆ ಎರಡು ತಾಸಾದರೂ ಶಾಲಾಪೂರ್ವ ಶಿಕ್ಷಣ ನಡೆಯಬೇಕೆನ್ನುತ್ತದೆ. ಆದರೆ ಆ ಎರಡು ತಾಸನ್ನು ಉಳಿದ ಕೆಲಸಗಳಿಂದ ಕಾಪಾಡುವವರು ಯಾರು ಎಂಬುದಕ್ಕೆ ಉತ್ತರ ಸಿಕ್ಕಿಲ್ಲ. ಕತ್ತಲೆಯ ಕೋಣೆ, ಕೆಟ್ಟ ಶೌಚಾಲಯ, ಇಡೀ ದಿನ ರಿಜಿಸ್ಟರು ತುಂಬುವ ಕಾರ್ಯಕರ್ತೆ ಇರುವಲ್ಲಿಗೆ ಸಿದ್ಧಾಂತದ ಹೆಸರಿನಲ್ಲಿ ಮಗುವನ್ನು ಕಳಿಸಿ ಎಂದು ನಾನು ಹೇಳುವುದಿಲ್ಲ. ಹಾಗೆಯೇ ಪದ್ಧತಿಯನ್ನು ಶ್ರದ್ಧೆಯಿಂದ ನಡೆಸುವ ಖಾಸಗಿ ಸಾಲಿ ಹತ್ತಿರದಲ್ಲಿದ್ದು, ಕೈಯಲ್ಲಿ ಹಣವಿದ್ದರೆ ಅದನ್ನು ಬಿಡಿ ಎನ್ನುವುದೂ ಇಲ್ಲ.

ನಾನು ಹೇಳುವುದು ಎರಡೂ ಕಡೆ ಒಂದೇ ಪ್ರಶ್ನೆಗಳನ್ನು ಒಯ್ಯಿರಿ ಎಂದು. ಎಲ್ಲ ವಯಸ್ಸಿನ ಮಕ್ಕಳು ಒಟ್ಟಿಗಿದ್ದಾರೆಯೇ? ಸಾಮಗ್ರಿ ಮಗುವಿನ ಕೈಗೆಟಕುವ ಎತ್ತರದಲ್ಲಿದೆಯೇ, ಬೀಗದೊಳಗಿದೆಯೇ? ಟೀಚರು ಎಲ್ಲರಿಗೂ ಒಟ್ಟಿಗೆ ಕೂಗಿ ಹೇಳುತ್ತಾರೋ, ಒಬ್ಬೊಬ್ಬರ ಬಳಿ ಕೂತು ಮೆಲ್ಲಗೆ ತೋರಿಸುತ್ತಾರೋ? ಅವರ ತರಬೇತಿ ಒಂದು ವರ್ಷದ್ದೋ, ಒಂದು ವಾರದ್ದೋ? ಹೋಮ್‌ವರ್ಕು, ಪರೀಕ್ಷೆ, ರ್‍ಯಾಂಕು, ಬಹುಮಾನ ಇವೆಯೇ? ಇದ್ದರೆ ಅದು ಮಾಂಟೆಸ್ಸರಿ ಅಲ್ಲ, ಅವರು ಬಹುಮಾನವನ್ನೂ ಶಿಕ್ಷೆಯನ್ನೂ ಒಟ್ಟಿಗೇ ಕೈಬಿಟ್ಟವರು. ಪ್ರವೇಶಕ್ಕೆ ಮಗುವಿನ ಸಂದರ್ಶನ ಮಾಡುತ್ತಾರೆಯೇ? ನರ್ಸರಿಗೆ ಪರೀಕ್ಷೆ ಸಂದರ್ಶನ ಬೇಡವೆಂದು 1993ರಲ್ಲೇ ಯಶಪಾಲ್ ಸಮಿತಿ ಹೇಳಿತ್ತು. ಒಂದು ತಾಸು ಮೂಲೆಯಲ್ಲಿ ಕೂತು ನೋಡಲು ಬಿಡುತ್ತಾರೆಯೇ? ಬಿಡದವರು ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದೇ ತಿಳಿಯಬಹುದು. ಕೊನೆಯದಾಗಿ, ಮಗು ದಿನಕ್ಕೆ ಎಷ್ಟು ಹೊತ್ತು ವ್ಯಾನಿನಲ್ಲಿ ಕೂರಬೇಕು? ಹೋಗುವುದು ಬರುವುದು ಸೇರಿ ಒಂದೂವರೆ ತಾಸಾದರೆ, ಅಷ್ಟು ಹೊತ್ತು ಕೈಕಾಲು ಆಡದ ಮಗುವಿಗೆ ಯಾವ ಸಾಮಗ್ರಿಯೂ ಅದನ್ನು ತುಂಬಿಕೊಡಲಾರದು.

ಅವಸರ ಪಡಬೇಕಾದ ಕಾರಣವೂ ಈಗ ಕಮ್ಮಿ. ಒಂದನೆಯ ತರಗತಿಗೆ ಆರು ವರ್ಷ ತುಂಬಿರಬೇಕು ಎಂಬ ನಿಯಮವನ್ನು ರಾಜ್ಯ ಒಪ್ಪಿಕೊಂಡಿದೆ. 2025-26ಕ್ಕೆ ಮಾತ್ರ ಅದನ್ನು ಐದು ವರ್ಷ ಐದು ತಿಂಗಳಿಗೆ ಸಡಿಲಿಸಲಾಯಿತು. ಮೊದಲೇ ನರ್ಸರಿಗೆ ಹಾಕಿ ಓಡಿಸಿದ ತಂದೆತಾಯಿಯ ಒತ್ತಡವೇ ಆ ಸಡಿಲಿಕೆಗೆ ಕಾರಣ. ಮೂರರಿಂದ ಆರರವರೆಗೆ ಮೂರು ತುಂಬು ವರ್ಷಗಳಿವೆ. ಕೈ ಹದವಾಗಲು, ಮಾತು ಬಲಿಯಲು ಅಷ್ಟು ಸಾಕು.

ಊರು ಮಾಡಬಹುದಾದದ್ದೂ ಇದೆ. ಪ್ರತಿ ಅಂಗನವಾಡಿಗೆ ತಾಯಂದಿರನ್ನೊಳಗೊಂಡ ಬಾಲವಿಕಾಸ ಸಮಿತಿ ಇದೆ. ಬಹಳ ಕಡೆ ಅದು ಸಹಿಗಷ್ಟೇ ಸೇರುತ್ತದೆ. ವ್ಯಾನಿಗೆ, ಡೊನೇಷನ್ನಿಗೆ ಹಣ ಹೊಂದಿಸುವ ಮನೆಗಳು ಆ ಸಮಿತಿಯಲ್ಲಿ ಕೂತರೆ ಮಾತಿಗೆ ತೂಕ ಬರುತ್ತದೆ. ಕೇಳಬೇಕಾದದ್ದು ಯುಕೆಜಿ ಬೋರ್ಡನ್ನಲ್ಲ. ಮುಂಜಾನೆ ಎರಡು ತಾಸು ಕಾರ್ಯಕರ್ತೆಗೆ ಬೇರೆ ಕೆಲಸ ಹೇಳಬಾರದು, ಅವಳಿಗೆ ಈ ಪದ್ಧತಿಯಲ್ಲಿ ನಿಜವಾದ ತರಬೇತಿ ಕೊಡಬೇಕು, ಒಂದು ಜೊತೆ ಸರಿಯಾದ ಅಳತೆಯ ಸಾಮಗ್ರಿ ಬೇಕು ಎಂದು ಗ್ರಾಮ ಪಂಚಾಯಿತಿಯನ್ನೂ ಇಲಾಖೆಯನ್ನೂ ಕೇಳಬೇಕು. ಕರ್ನಾಟಕ ಬಾಲವಿಕಾಸ ಅಕಾಡೆಮಿಯ ಕಚೇರಿ ಇರುವುದೂ ಧಾರವಾಡದಲ್ಲೇ. ಕೇಳಲು ಬೆಂಗಳೂರಿಗೆ ಹೋಗಬೇಕಾಗಿಲ್ಲ.

1931ರ ಅಕ್ಟೋಬರಿನಲ್ಲಿ ಲಂಡನ್ನಿನ ಮಾಂಟೆಸ್ಸರಿ ತರಬೇತಿ ಕಾಲೇಜಿನಲ್ಲಿ ಮಾತಾಡಿದ ಗಾಂಧೀಜಿ, ಈ ಶಿಕ್ಷಣ ಉಳ್ಳವರ ಮಕ್ಕಳಿಗಷ್ಟೇ ಅಲ್ಲ, ಏನೂ ಇಲ್ಲದವರ ಮಕ್ಕಳಿಗೂ ಸಿಗಲಿ ಎಂದು ಆಶಿಸಿದ್ದರು. ಮರಿಯಾ ಮಾಂಟೆಸ್ಸರಿಯೇ 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು, ಯುದ್ಧದ ಕಾರಣ ಈ ದೇಶದಲ್ಲೇ ವರ್ಷಗಟ್ಟಲೆ ಉಳಿದು ನೂರಾರು ಶಿಕ್ಷಕರನ್ನು ತಯಾರುಮಾಡಿದರು. ಆದರೂ ಆ ಆಶಯ ಈಡೇರಲಿಲ್ಲ. ಹಣವುಳ್ಳವರು ಹೆಸರನ್ನು ಕೊಂಡರು, ಹಣವಿಲ್ಲದವರು ಆ ಹೆಸರಿಗಾಗಿ ಸಾಲ ಮಾಡತೊಡಗಿದರು. ಈ ಸರಪಳಿಯನ್ನು ಒಂದು ಮನೆಯ ಆಯ್ಕೆ ಕಡಿಯಲಾರದು. ಒಂದೊಂದು ಮನೆಯೂ ತನ್ನ ಮಗುವನ್ನು ಹೊರಗೆ ಕಳಿಸುತ್ತ ಹೋದರೆ ಊರ ಕೋಣೆಯಲ್ಲಿ ಉಳಿಯುವುದು ಕೇಳುವ ದನಿ ಇಲ್ಲದವರ ಮಕ್ಕಳು. ಆಗ ಅದು ಸುಧಾರಿಸುವ ಸಾಧ್ಯತೆಯೇ ಮುಗಿಯುತ್ತದೆ. ಒಂದೇ ಓಣಿಯ ಹತ್ತು ಮನೆಯವರು ಒಂದು ವರ್ಷ ತಮ್ಮ ಮಕ್ಕಳನ್ನು ಊರಲ್ಲೇ ಉಳಿಸಿಕೊಂಡು ವಾರಕ್ಕೊಮ್ಮೆ ಹೋಗಿ ಕೂತು ನೋಡಿದರೆ ಆ ಕೋಣೆ ಬದಲಾಗದೆ ಇರಲು ಕಾರಣವಿಲ್ಲ.